ಸಿದ್ದಲಿಂಗಪ್ಪನ ಕೊನೆಯ ಹಾಳೆಗಳು

ಪುಣೆಯ ನೋಂದಣಿ ಕಚೇರಿಯೊಂದರ ಎದುರು ತಗಡಿನ ಶೆಡ್ಡಿನಲ್ಲಿ ಹನ್ನೊಂದು ಮಂದಿ ಟೈಪಿಸ್ಟರು ಸಾಲಾಗಿ ಕೂರುತ್ತಿದ್ದ ಕಾಲವದು. ಏಳನೆಯ ಮೇಜು ಸಿದ್ದಲಿಂಗಪ್ಪನದು. ಅವನ ಅಪ್ಪ ರಾಮಲಿಂಗಪ್ಪ ಇಂಡಿ ತಾಲೂಕಿನಿಂದ ಅಡತಿ ಅಂಗಡಿಯ ಗುಮಾಸ್ತನಾಗಿ ಬಂದು, ಸದಾಶಿವ ಪೇಠದಲ್ಲಿ ಹಲವು ಬಿಡಾರಗಳಿದ್ದ ಹಳೇ ವಾಡೆಯೊಂದರಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದ. ಮಗ ಅಲ್ಲೇ ಹುಟ್ಟಿದ, ಅಲ್ಲೇ ಟೈಪಿಂಗ್ ಕಲಿತ, ೧೯೮೧ರಲ್ಲಿ ಈ ಮೇಜು ಹಿಡಿದವನು ಕೂದಲು ನರೆತರೂ ಬಿಡಲಿಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಮೇಜಿನ ಮೇಲೆ ಇಂಗ್ಲಿಷು. ಮೂರರಲ್ಲೂ ಅವನು ಮಾತು ಕಡಿಮೆಯವನೇ. ಸಿದ್ದಲಿಂಗಪ್ಪನ ಬುದ್ಧಿಯೆಲ್ಲ ಬೆರಳಿಗೆ ಇಳಿದುಬಿಟ್ಟಿದೆ ಎಂದು ಪಕ್ಕದ ಮೇಜಿನವರು ಚುಡಾಯಿಸಿದರೆ ಅದನ್ನೂ ಹೊಗಳಿಕೆಯೆಂದು ತೆಗೆದುಕೊಳ್ಳುವ ಜಾತಿ.

ಅವನು ಟೈಪು ಮಾಡುತ್ತಿದ್ದ ಪತ್ರಗಳು ನೂರಾರು ಬಗೆಯವು. ಮನೆ ಮಾರಿದ್ದು, ಮನೆ ಬಿಟ್ಟಿದ್ದು, ಗಂಡಹೆಂಡತಿ ಬೇರೆಯಾಗಿದ್ದು, ರಾಂಜಣಗಾಂವದ ಕಾರ್ಖಾನೆಯ ಕೆಲಸಕ್ಕೆ ಯಾರೋ ರಾಜೀನಾಮೆ ಕೊಟ್ಟಿದ್ದು. ಆದರೆ ಕೊನೆಯ ವಾಕ್ಯ ಮಾತ್ರ ಎಲ್ಲಕ್ಕೂ ಒಂದೇ. ಇದನ್ನು ನಾನು ನನ್ನ ಸ್ವಂತ ಇಚ್ಛೆಯಿಂದ, ಯಾವುದೇ 'ಫೋರ್ಸ್ ಆರ್ ಕೊಅರ್ಶನ್' ಇಲ್ಲದೆ ಬರೆದುಕೊಟ್ಟಿದ್ದೇನೆ, ಎಂದು. ಆ ಎರಡು ಇಂಗ್ಲಿಷ್ ಮಾತುಗಳು ಎಂದೂ ಒಂದನ್ನೊಂದು ಬಿಟ್ಟು ಬಂದಿದ್ದಿಲ್ಲ. ಫೋರ್ಸ್ ಅಂದರೆ ಏನೆಂದು ಸಿದ್ದಲಿಂಗಪ್ಪನಿಗೆ ಗೊತ್ತಿತ್ತು. ಇನ್ನೊಂದರ ಅರ್ಥ ತಿಳಿಯದೆಯೇ ಒಂಬತ್ತು ವರ್ಷ ಅದನ್ನು ಬಡಿದ. ತೊಂಬತ್ತರ ಸುಮಾರಿಗೆ ಒಮ್ಮೆ ಒಬ್ಬ ಹಿರಿಯ ವಕೀಲರನ್ನು ಕೇಳಿಯೂ ಬಿಟ್ಟ.

ವಕೀಲರು ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಕಡೆಗೆ ಸರಿಸಿಕೊಂಡು, "ಕೈ ತಿರುವಿದರೆ ಅದು ಫೋರ್ಸ್. ಕೈ ತಿರುವುವ ಅಗತ್ಯವೇ ಬೀಳದ ಹಾಗೆ ನೋಡಿಕೊಂಡರೆ ಅದು ಕೊಅರ್ಶನ್," ಎಂದರು, ಮರಾಠಿಯಲ್ಲಿ. ಶೆಡ್ಡಿನವರೆಲ್ಲ ನಕ್ಕರು. ಸಿದ್ದಲಿಂಗಪ್ಪನೂ ನಕ್ಕು ಚಹಾ ಕುಡಿಯಲು ಎದ್ದುಹೋದ.

ಹೇಗೂ ಒಂದೇ ವಾಕ್ಯವಲ್ಲವೇ? ಅವನು ಒಂದು ಉಪಾಯ ಕಂಡುಕೊಂಡಿದ್ದ. ಗಿರಾಕಿ ಇಲ್ಲದ ದಿನ ಸುಮ್ಮನೆ ಕೂರುವ ಬದಲು ಕೊನೆಯ ಹಾಳೆಗಳನ್ನೇ ಮುಂಚಿತವಾಗಿ ಟೈಪು ಮಾಡಿಟ್ಟುಬಿಡುವುದು. ದಪ್ಪ ಹಸಿರು ಕಾಗದದ ಮೇಲೆ ಆ ವಾಕ್ಯ, ಕೆಳಗೆ ಸಹಿಯ ಗೆರೆ, ಸಾಕ್ಷಿಗಳ ಗೆರೆ. ಯಾರೇ ಬರಲಿ, ಮುಂದಿನ ಹಾಳೆಗಳನ್ನು ಬಡಿದು ಹಿಂದೆ ಇದನ್ನು ಜೋಡಿಸಿ ಪಿನ್ನು ಹೊಡೆದರೆ ಮುಗಿಯಿತು. ಪತ್ರವನ್ನು ಗಿರಾಕಿಗೆ ಓದಿ ಹೇಳುವಾಗಲೂ ಕೊನೆಯ ಹಾಳೆ ಬಂದಾಗ "ಇದು ಎಲ್ಲಾರಿಗೂ ಇರೂದ" ಎಂದು ಮಡಚಿ ಇಡುತ್ತಿದ್ದ. ಇದರಲ್ಲಿ ತಪ್ಪೇನಿದೆ ಎಂದು ಯಾರೂ ಕೇಳಿದವರಿಲ್ಲ.

ಹೆಚ್ಚಾಗಿ ಬರುತ್ತಿದ್ದದ್ದು ಹಕ್ಕುಬಿಡುಗಡೆ ಪತ್ರಗಳು. ಅಪ್ಪನ ಆಸ್ತಿಯಲ್ಲಿ ನನಗೇನೂ ಬೇಡವೆಂದು ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ಬರೆದುಕೊಡುವ ಪತ್ರ. ಸಹಿ ಆದಮೇಲೆ ಗೇಟಿನ ಬಳಿ ಅಣ್ಣ ತಂಗಿಗೆ ಒಂದು ಸೀರೆ, ಒಂದು ಖಣ ಕೊಡುವುದು ಪದ್ಧತಿ. ಎದುರಿನ ಸೀರೆ ಅಂಗಡಿ ನಡೆಯುತ್ತಿದ್ದದ್ದೇ ಇದರ ಮೇಲೆ. ಆ ಹೆಣ್ಣುಮಕ್ಕಳ ಮುಖವನ್ನು ಸಿದ್ದಲಿಂಗಪ್ಪ ಎಂದೂ ನೋಡಲಿಲ್ಲ. ಅವನು ನೋಡುತ್ತಿದ್ದದ್ದು ಸಹಿಯ ಗೆರೆಯನ್ನು. ಅಲ್ಲಿ ಪೆನ್ಸಿಲ್ಲಿನಿಂದ ಸಣ್ಣದೊಂದು ಗುರುತು ಹಾಕಿ, "ಇಲ್ಲಿ, ತಾಯಿ" ಎನ್ನುತ್ತಿದ್ದ.

ಆ ಕೊನೆಯ ಹಾಳೆಗಳ ಕಟ್ಟು ಮನೆಯಲ್ಲಿ ಅಕ್ಕನ ಮಂಚದ ಕೆಳಗಿನ ಟ್ರಂಕಿನಲ್ಲಿರುತ್ತಿತ್ತು. ಅಕ್ಕ ಅಂದರೆ ಪಾರವ್ವ, ಅವನಿಗಿಂತ ನಾಲ್ಕು ವರ್ಷ ದೊಡ್ಡವಳು. ಇಂಡಿಯ ಹತ್ತಿರದ ಹಳ್ಳಿಗೆ ಮದುವೆಯಾಗಿ ಹೋಗಿದ್ದಳು. ೧೯೮೪ರಲ್ಲಿ ಗಂಡ ಸತ್ತ ಹದಿನೈದನೇ ದಿನಕ್ಕೆ ಗಂಡನ ಮನೆಯವರು ಅವಳ ಟ್ರಂಕನ್ನು ಹೊರಗಿಟ್ಟು ಕದ ಹಾಕಿಕೊಂಡರು. ಅದೇ ಟ್ರಂಕು ಇದು. ಬಂದವಳು ವಾಡೆಯ ಅಡುಗೆಕೋಣೆಯಲ್ಲಿ ನೆಲೆಯಾದಳು. ಅಪ್ಪ ಹಾಸಿಗೆ ಹಿಡಿದ ಮೂರು ವರ್ಷ ಅವನ ಮೈ ಒರೆಸಿದವಳು ಅವಳು. ಅಪ್ಪ ಹೋದ ಮೇಲೆ ಪೇಠದ ಕೋಚಿಂಗ್ ಕ್ಲಾಸುಗಳಿಗೆ ಬಂದು ರೂಮು ಮಾಡಿಕೊಂಡಿದ್ದ ನಮ್ಮ ಕಡೆಯ ಹುಡುಗರಿಗೆ ಜೋಳದ ರೊಟ್ಟಿ, ಪಲ್ಯ ಮಾಡಿಕೊಡತೊಡಗಿದಳು. ಹದಿನೆಂಟು ಡಬ್ಬಿ. ಬೆಳಿಗ್ಗೆ ಐದಕ್ಕೆ ಶುರುವಾಗುತ್ತಿದ್ದ ಅವಳ ರೊಟ್ಟಿ ತಟ್ಟುವ ಸದ್ದಿಗೇ ವಾಡೆಯ ಮಂದಿ ಏಳುತ್ತಿದ್ದರು.

೨೦೦೩ರ ಸಂಕ್ರಾಂತಿಗೆ ಒಂದು ಸಣ್ಣ ಜಗಳವಾಯಿತು. ಸಿದ್ದಲಿಂಗಪ್ಪ ಕೊನೆಯ ಹಾಳೆಗಳನ್ನು ಮಂಚದ ಮೇಲೆ ಹರಡಿ ಎಣಿಸುತ್ತಿದ್ದವನು ಬಾಗಿಲಿಗೆ ಯಾರೋ ಬಂದರೆಂದು ಎದ್ದುಹೋದ. ಪಾರವ್ವ ಶೇಂಗಾ ಹೋಳಿಗೆಯ ಡಬ್ಬಿಯನ್ನು ನೋಡದೆ ಅವುಗಳ ಮೇಲಿಟ್ಟಳು. ಡಬ್ಬಿಯ ತಳದ ಎಣ್ಣೆ ದುಂಡಗೆ ಇಳಿಯಿತು.

"ಕಣ್ಣು ಕಾಣಂಗಿಲ್ಲೇನಕ್ಕಾ? ಎಷ್ಟು ಹಾಳಿ ಹಾಳಾದುವು ನೋಡು!" ಎಂದು ಅವನು ರೇಗಿದ.

"ಬಿಡೋ ಸಿದ್ದಾ, ನಿನ್ನ ಹಾಳಿ ತಿನ್ನಾಕ ಬರ್ತಾವೇನು? ಹೋಳಿಗಿ ತಿನ್ನು," ಎಂದು ಅವಳು ನಕ್ಕಳು.

ಮೇಲಿನ ನಾಲ್ಕು ಹಾಳೆ ಬಿಸಾಡಬೇಕಾಯಿತು. ಕೆಳಗಿನವುಗಳಲ್ಲಿ ಕಲೆ ತೆಳ್ಳಗಿತ್ತು, ಬೆಳಕಿಗೆ ಹಿಡಿದರೆ ಮಾತ್ರ ಕಾಣುವಷ್ಟು. ಕಾಗದದ ವಿಷಯದಲ್ಲಿ ಸಿದ್ದಲಿಂಗಪ್ಪ ಜಿಪುಣ. ಅವನ್ನು ಹಾಗೇ ಇಟ್ಟುಕೊಂಡ.

ಮಳೆಗಾಲ ಶುರುವಾಗುವ ಹೊತ್ತಿಗೆ ವಾಡೆಗೆ ಬಿಲ್ಡರನ ಮನುಷ್ಯ ಬಂದ. ವಾಡೆ ಕೆಡವಿ ಕಟ್ಟಡ ಏಳಿಸುತ್ತಾರೆ, ಬಾಡಿಗೆದಾರರಿಗೆ ಒಂದೊಂದು ಫ್ಲ್ಯಾಟು, ಗಣಪತಿ ಕೂರುವುದರೊಳಗೆ ಕಾಗದಪತ್ರ ಮುಗಿಯಬೇಕು. ಬಾಡಿಗೆ ಚೀಟಿ ಇನ್ನೂ ರಾಮಲಿಂಗಪ್ಪನ ಹೆಸರಲ್ಲೇ ಇತ್ತು. ಅಂದರೆ ಹಕ್ಕು ಮಗನಿಗೆ ಎಷ್ಟೋ ಮಗಳಿಗೂ ಅಷ್ಟೇ. ಮಗಳು ಬಿಟ್ಟುಕೊಟ್ಟರೆ ತೊಡಕಿಲ್ಲ.

ಸಿದ್ದಲಿಂಗಪ್ಪನ ಮಗ ಸಂಜು ಖರಾಡಿಯ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದ. ಶೀತಲ್ ಎಂಬ ಹುಡುಗಿಯೊಡನೆ ಅವನ ಮದುವೆ ಮಾತಾಗಿತ್ತು. ಹೆಣ್ಣಿನ ಕಡೆಯವರು ಕೇಳಿದ್ದು ಒಂದೇ, ಸ್ವಂತ ಮನೆ ಇದೆಯೇ ಎಂದು. ಪೇಠದ ಫ್ಲ್ಯಾಟು ಮಾರಿ ಖರಾಡಿಯಲ್ಲಿ ಹೊಸದು ತೆಗೆದುಕೊಳ್ಳುವುದೆಂದು ಸಂಜು ಲೆಕ್ಕ ಹಾಕಿದ. ಒಂದು ಬೆಡ್‌ರೂಮು, ಒಂದು ಹಾಲ್. ಮಗ ಸೊಸೆ ಒಳಗೆ, ಅಪ್ಪ ಅವ್ವ ಹಾಲ್‌ನಲ್ಲಿ. ಅತ್ತೆ?

"ಅತ್ತಿ ಊರಾಗ ಇರ್ತಾಳ. ಅಕಿ ಗಂಡನ ಮನಿ ಅದ ಅಲ್ಲ," ಎಂದ ಸಂಜು. ಆ ಮನೆಯ ಕದ ಹತ್ತೊಂಬತ್ತು ವರ್ಷದ ಹಿಂದೆಯೇ ಹಾಕಿದೆ ಎಂದು ಸಿದ್ದಲಿಂಗಪ್ಪ ಹೇಳಬೇಕಿತ್ತು. ಹೇಳಲಿಲ್ಲ. ಮಗನ ಮದುವೆ ಮುರಿದುಬಿದ್ದರೆ ಎಂಬ ಹೆದರಿಕೆ ಅವನ ಬಾಯಿ ಕಟ್ಟಿತ್ತು. ನನಗೆ ಅವನ ಮೇಲೆ ಸಿಟ್ಟು ಬರುವುದು ಇಲ್ಲಿ. ಹೆದರಿಕೆ ಯಾರಿಗಿಲ್ಲ? ಆದರೆ ಹೆದರಿಕೊಂಡವನು ತಾನು ಹೆದರಿದ್ದೇನೆಂದು ಒಪ್ಪಿಕೊಳ್ಳುವುದು ಬಿಟ್ಟು ಸಮಾಧಾನದ ಮುಖ ಹಾಕಿಕೊಂಡು ಓಡಾಡುತ್ತಿದ್ದ.

ಸಂಜುವೇ ಅತ್ತೆಯ ಮುಂದೆ ಮಾತು ತೆಗೆದ. "ಅತ್ತಿ, ನಿನ್ನದೊಂದು ಸಹಿ ಬೇಕಾಗಿತ್ತು."

ಪಾರವ್ವ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ತಮ್ಮನ ಕಡೆ ತಿರುಗಿ, "ಸಹಿ ಮಾಡಿದ ಮ್ಯಾಲ ನಾ ಎಲ್ಲಿ ಇರೂದೋ ಸಿದ್ದಾ?" ಎಂದಳು.

ಸಿದ್ದಲಿಂಗಪ್ಪ ಎದ್ದು ಹೋಗಿ, ಒಣಗಿದ್ದ ಛತ್ರಿಯನ್ನು ಮತ್ತೆ ಒಣಹಾಕಿದ.

ಮರುದಿನದಿಂದ ಮನೆಯಲ್ಲಿ ಪಾರವ್ವನ ಜೊತೆ ಮಾತು ನಿಂತಿತು. ಯಾರೂ ಬಯ್ಯಲಿಲ್ಲ, ಕೈ ಮಾಡಲಿಲ್ಲ. ಸಿದ್ದಲಿಂಗಪ್ಪನ ಹೆಂಡತಿ ಶಿವಗಂಗವ್ವ ತನ್ನವರಿಗೆ ತಾನೇ ಬೇರೆ ಒಲೆಯ ಮೇಲೆ ಅನ್ನ ಇಡತೊಡಗಿದಳು. ಸಂಜು ಅತ್ತೆಯ ಕೈಯ ರೊಟ್ಟಿ ಮುಟ್ಟಲಿಲ್ಲ. ಅವಳು ಕೋಣೆಗೆ ಬಂದರೆ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ನಾಲ್ಕನೇ ದಿನ ಡಬ್ಬಿಯ ಹುಡುಗರೂ ಬರಲಿಲ್ಲ. ವಾಡೆ ಬೀಳುತ್ತದೆ, ಅತ್ತೆ ಊರಿಗೆ ಹೋಗುತ್ತಾಳೆ, ಬೇರೆ ಕಡೆ ನೋಡಿಕೊಳ್ಳಿ ಎಂದು ಸಂಜು ಅವರ ರೂಮಿಗೇ ಹೋಗಿ ಹೇಳಿ ಬಂದಿದ್ದ. ಅಂದು ತಟ್ಟಿದ ರೊಟ್ಟಿಗಳು ಬುಟ್ಟಿಯಲ್ಲೇ ಉಳಿದವು. ಸಂಜೆ ಸಿದ್ದಲಿಂಗಪ್ಪ ಬಂದಾಗ ಹದಿನೆಂಟು ಖಾಲಿ ಡಬ್ಬಿಗಳು ಗೋಡೆಗುಂಟ ಪೇರಿಸಿದ್ದವು, ಪಾರವ್ವ ಅವುಗಳ ಮುಂದೆ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಅವನಿಗೆ ವಕೀಲರ ಮಾತು ನೆನಪಾಯಿತು, ಎಲೆಯಡಿಕೆಯ ಆ ಬಾಯಿಯೂ. ಮಗನನ್ನು ಕರೆದು ಕೇಳಬೇಕೆಂದುಕೊಂಡ. ನಾಳೆ ಕೇಳಿದರಾಯಿತು ಎಂದುಕೊಂಡ. ಹನ್ನೊಂದು ನಾಳೆಗಳು ಹಾಗೇ ಹೋದವು.

ಹನ್ನೆರಡನೇ ದಿನ ಬೆಳಿಗ್ಗೆ ಪಾರವ್ವ ಅವನ ಮುಂದೆ ಬಂದು ನಿಂತಳು. "ಯಾವಾಗ ಬರಬೇಕು ನಿನ್ನ ಕಚೇರಿಗೆ?" ಎಂದಳು.

ಸಿದ್ದಲಿಂಗಪ್ಪನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅಕ್ಕ ಒಪ್ಪಿದಳು! ಯಾಕೆ ಒಪ್ಪಿದಳೆಂದು ಕೇಳುವ ಗೋಜಿಗೆ ಹೋಗಲಿಲ್ಲ. ಅಂದೇ ಪತ್ರ ಟೈಪು ಮಾಡಿದ. ಸಂಜೆ ಅವಳಿಗೆ ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿದ. ಕೊನೆಯ ಹಾಳೆ ಬಂದಾಗ ರೂಢಿಯಂತೆ ಮಡಚಿದ.

"ಅದರಾಗ ಏನದ?"

"ಅದು ಎಲ್ಲಾರಿಗೂ ಇರೂದ, ಅಕ್ಕಾ."

ಶುಕ್ರವಾರ ಹನ್ನೊಂದಕ್ಕೆ ಮೂವರೂ ಕಚೇರಿಯ ಬೆಂಚಿನ ಮೇಲೆ ಕೂತಿದ್ದರು. ಸಂಜು ದಾರಿಯಲ್ಲಿ ಪದ್ಧತಿಯ ಸೀರೆ ಕೊಂಡಿದ್ದ. ಕೊಟ್ಟದ್ದನ್ನು ಪಾರವ್ವ ಬೇಡವೆನ್ನದೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅವಳ ಕಾಲಿನ ಬಳಿ ಒಂದು ದೊಡ್ಡ ಬಟ್ಟೆಯ ಚೀಲವಿತ್ತು. ಬುತ್ತಿ ತಂದಿರಬೇಕು ಎಂದುಕೊಂಡ ಸಿದ್ದಲಿಂಗಪ್ಪ. ಬುತ್ತಿಗೆ ಅಷ್ಟು ದೊಡ್ಡ ಚೀಲ ಯಾಕೆಂದು ಅವನಿಗೆ ಹೊಳೆಯಲಿಲ್ಲ, ಅಥವಾ ಹೊಳೆಯಗೊಡಲಿಲ್ಲ.

ಆ ತಿಂಗಳು ಕಚೇರಿಗೆ ಹೊಸ ಅಧಿಕಾರಿ ಬಂದಿದ್ದರು, ಮೂವತ್ತೈದರ ಒಬ್ಬ ಹೆಂಗಸು. ಹಳಬರು ಹೆಸರು ಕೇಳಿ ಹೆಬ್ಬೆಟ್ಟು ಒತ್ತಿಸಿ ಕಳಿಸುತ್ತಿದ್ದರೆ ಈಕೆ ಪ್ರತಿ ಹಾಳೆಯನ್ನೂ ಓದುತ್ತಿದ್ದರು. ಸಿದ್ದಲಿಂಗಪ್ಪನ ಮೇಲೆ ಅವರಿಗೆ ನಂಬಿಕೆ ಬಂದಿತ್ತು. ತಪ್ಪಿಲ್ಲದ ಟೈಪು ಎಂದು ಎರಡು ಸಲ ಹೊಗಳಿದ್ದರು. "ನಿಮ್ಮ ಅಕ್ಕನಾ, ಕಾಕಾ?" ಎಂದು ಮರಾಠಿಯಲ್ಲಿ ಕೇಳಿ ಕುರ್ಚಿ ತೋರಿಸಿದರು. ಪಾರವ್ವ ಕೂತಳು. ಎದುರಿಗೆ ಪುಟ್ಟ ಕ್ಯಾಮೆರಾ, ಹೆಬ್ಬೆಟ್ಟಿನ ಗಾಜು. ಹಿಂದೆ ಗೋಡೆಗೆ ಒರಗಿ ಅಪ್ಪ ಮಗ.

ಅಧಿಕಾರಿ ಓದುತ್ತ ಹೋದರು. ಕೊನೆಯ ಹಾಳೆಯನ್ನು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಆ ವಾಕ್ಯವನ್ನು ಇಂಗ್ಲಿಷಿನಲ್ಲಿ ಓದಿ ಮರಾಠಿಯಲ್ಲಿ ಅರ್ಥ ಹೇಳಿದರು. ಯಾರ ಒತ್ತಾಯವೂ ಇಲ್ಲದೆ, ನಿಮ್ಮ ಖುಷಿಯಿಂದ ಬಿಟ್ಟುಕೊಡುತ್ತಿದ್ದೀರಿ ಎಂದು ನೀವು ಹೇಳುತ್ತಿದ್ದೀರಿ. ಆಮೇಲೆ ತಲೆಯೆತ್ತಿ ಕೇಳಿದರು: "ಬಾಯಿ, ತುಮ್ಚ್ಯಾವರ ಕೋಣಾಚಾ ದಬಾವ ಆಹೇ ಕಾ?" ನಿಮ್ಮ ಮೇಲೆ ಯಾರದಾದರೂ ಒತ್ತಡ ಇದೆಯೇ?

ಪಾರವ್ವ ಹಾಳೆಯನ್ನೇ ನೋಡುತ್ತಿದ್ದಳು. ಓದು ಬಾರದವಳು ಅದರಲ್ಲಿ ಏನು ನೋಡುತ್ತಾಳೆ ಎಂದು ಸಿದ್ದಲಿಂಗಪ್ಪನೂ ಬಗ್ಗಿ ನೋಡಿದ. ಬೆಳಕಿನಲ್ಲಿ ಹಸಿರು ಕಾಗದದ ನಡುವೆ ದುಂಡಗೆ ಎಣ್ಣೆಯ ಕಲೆ ಕಂಡಿತು.

ಪಾರವ್ವನಿಗೆ ಮರಾಠಿ ಬರುತ್ತಿರಲಿಲ್ಲವೆಂದಲ್ಲ. ಮಂಡಿಯಲ್ಲಿ ಚೌಕಾಶಿ ಮಾಡಿ ಜೋಳ ತರುವಷ್ಟು ಚೆನ್ನಾಗಿಯೇ ಬರುತ್ತಿತ್ತು. ಆದರೆ ಅವಳು ಕನ್ನಡದಲ್ಲಿ ಮಾತಾಡಿದಳು, ತಮ್ಮನಿಗೆ ಮಾತ್ರ ಕೇಳಬೇಕೆನ್ನುವಂತೆ.

"ಸಿದ್ದಾ, ಇದು ನನ್ನ ಹೋಳಿಗಿ ಡಬ್ಬೀದು. ಸಂಕ್ರಾಂತಿದು."

ಬಗ್ಗಿದ್ದ ಸಿದ್ದಲಿಂಗಪ್ಪ ಹಿಂದೆ ಸರಿದು ಮತ್ತೆ ಗೋಡೆಗೆ ಒರಗಿದ.

"ನೀವು ನನ್ನ ಕೇಳಿದ್ದು ಕಾರಹುಣ್ಣಿವಿ ಆದಮ್ಯಾಲ. ನಾ ಹೂಂ ಅಂದದ್ದು ಮೊನ್ನಿ. ನಾ ಖುಷಿಯಿಂದ ಒಪ್ಪೀನಿ ಅಂತ ನೀ ಸಂಕ್ರಾಂತಿಗೇ ಬರದಿಟ್ಟಿದ್ದೇನೋ?"

ದನಿ ಏರಿರಲಿಲ್ಲ. ಸಿಟ್ಟೂ ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದ್ದಳು, ಅದನ್ನೇ ಅವನಿಗೆ ತಡೆಯಲಾಗಲಿಲ್ಲ.

ಅಧಿಕಾರಿಗೆ ಕನ್ನಡ ಬಾರದು. "ಏನಂತಾರೆ?" ಎಂದು ಕೇಳಿದರು.

ಸಂಜು ಥಟ್ಟನೆ ಮುಂದೆ ಬಂದ. "ಹೌದು ಅಂತಿದ್ದಾಳೆ ಮ್ಯಾಡಮ್. ತನ್ನ ಖುಷಿಯಿಂದಲೇ ಕೊಡ್ತಿದ್ದೀನಿ ಅಂತಿದ್ದಾಳೆ," ಎಂದ, ಒಳ್ಳೇ ಮರಾಠಿಯಲ್ಲಿ.

ಪಾರವ್ವನಿಗೆ ಆ ಮಾತೂ ಅರ್ಥವಾಯಿತು. ಅವಳು ಅಲ್ಲವೆನ್ನಲಿಲ್ಲ. ಸೀರೆಯ ಪೊಟ್ಟಣದ ಅಂಚನ್ನು ಬೆರಳಿನಿಂದ ಸರಿಮಾಡುತ್ತ ಕೂತಳು. ಅಧಿಕಾರಿ ಸಂಜುವನ್ನು ಒಂದು ಕ್ಷಣ ನೋಡಿ, ಪೆನ್ನಿನ ತುದಿಯನ್ನು ಸಿದ್ದಲಿಂಗಪ್ಪನ ಕಡೆ ತಿರುಗಿಸಿದರು. "ಕಾಕಾ, ನೀವು ಹೇಳಿ. ಇವರು ಏನಂದರು?"

ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಬಾಗಿಲ ಹೊರಗೆ ಮುಂದಿನ ಟೋಕನ್ನಿನವರು ಇಣುಕುತ್ತಿದ್ದರು. ಒಂದು 'ಹೌದು' ಅಂದರೆ ಎರಡು ನಿಮಿಷದಲ್ಲಿ ಎಲ್ಲ ಮುಗಿಯುತ್ತಿತ್ತು, ಮಗನ ಮದುವೆ, ಖರಾಡಿಯ ಮನೆ, ಎಲ್ಲ. ಅಕ್ಕ ಬೇಕೆಂದೇ ಕನ್ನಡದಲ್ಲಿ ಮಾತಾಡಿದ್ದಾಳೆ, ಮಾತು ಮನೆಯೊಳಗೇ ಉಳಿಯಲಿ ಎಂದು, ತಮ್ಮನಿಗೆ ನಾಲ್ಕು ಮಂದಿಯೆದುರು ಅವಮಾನವಾಗದಿರಲಿ ಎಂದು. ಹೌದೆನ್ನುವ ದಾರಿಯನ್ನು ಅವಳೇ ಬಿಟ್ಟುಕೊಟ್ಟಿದ್ದಾಳೆ. ಇದು ಸಿದ್ದಲಿಂಗಪ್ಪನಿಗೆ ಆ ಕ್ಷಣ ತಿಳಿಯಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವನು ಸಹಿಯ ಗೆರೆ ಬಿಟ್ಟು, ಸಹಿ ಮಾಡುವವಳ ಮುಖ ನೋಡಿದ.

ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು. ಎಷ್ಟೋ ದಿನದಿಂದ ನಿದ್ದೆ ಮಾಡಿರಲಿಲ್ಲ.

"ದಬಾವ ಹೋತಾ ಮ್ಯಾಡಮ್," ಎಂದ ಸಿದ್ದಲಿಂಗಪ್ಪ. ಒತ್ತಾಯ ಇತ್ತು. ದನಿ ತನ್ನದೋ ಬೇರೆಯವರದೋ ಎನಿಸಿತು. "ಮಾಝಾಚ." ನನ್ನದೇ.

"ಅಪ್ಪಾ!" ಎಂದು ಸಂಜು ತೋಳು ಹಿಡಿದ.

"ಬಿಡು," ಎಂದ ಸಿದ್ದಲಿಂಗಪ್ಪ. ಮುಂದಿನದನ್ನೂ ಹೇಳಿಯೇಬಿಟ್ಟ. ಮಾತು ಬಿಟ್ಟದ್ದು, ಡಬ್ಬಿ ಬಿಡಿಸಿದ್ದು, ಅಕ್ಕ ಎಲ್ಲಿರಬೇಕೆಂದು ಕೇಳಿದಾಗ ತಾನು ಛತ್ರಿ ಒಣಹಾಕಿದ್ದು. ಆ ಹಾಳೆಯನ್ನು ಅಕ್ಕನನ್ನು ಕೇಳುವುದಕ್ಕೆ ಆರು ತಿಂಗಳು ಮೊದಲೇ ಟೈಪು ಮಾಡಿದ್ದು.

ಅಧಿಕಾರಿ ಪತ್ರವನ್ನು ಮಡಚಿ ಅವನ ಕೈಗೆ ಕೊಟ್ಟರು. "ಕಾಕಾ, ನೀವೂನಾ?" ಎಂದರು. ಇದಕ್ಕಿಂತ ಅವರು ಬೈದಿದ್ದರೆ ಚೆನ್ನಾಗಿತ್ತು.

ಮೆಟ್ಟಿಲು ಇಳಿಯುವಾಗ ಸಂಜುವಿನ ಮುಖ ಕೆಂಪಾಗಿತ್ತು. "ನಿನಗ ತಲಿ ಕೆಟ್ಟದೇನಪ್ಪಾ? ಶೀತಲ್ ಮನಿಯವರಿಗೆ ನಾ ಏನಂತ ಹೇಳ್ಲಿ?"

"ಇದ್ದದ್ದು ಹೇಳು. ಮನ್ಯಾಗ ಅತ್ತಿ ಇರ್ತಾಳ ಅಂತ ಹೇಳು."

"ನೀನ ಹೇಳು ಹೋಗಿ!" ಎಂದು ಸಂಜು ಸ್ಕೂಟರಿನ ಕಡೆ ನಡೆದ. ಪಾರವ್ವ ಅವನನ್ನು ಕೂಗಿ ಕರೆದು ಸೀರೆಯ ಪೊಟ್ಟಣವನ್ನು ಅವನ ಕೈಗಿಟ್ಟಳು. "ಬಣ್ಣ ಛಲೋ ಅದ. ಆ ಹುಡುಗಿಗೆ ಕೊಡು," ಎಂದಳು. ಅವನು ಮುಖ ತಿರುಗಿಸಿಕೊಂಡು ಪೊಟ್ಟಣವನ್ನು ಡಿಕ್ಕಿಗೆ ತುರುಕಿ ಹೊರಟುಹೋದ.

ಗೇಟಿನ ಹೊರಗೆ ಅಕ್ಕ ತಮ್ಮ ಇಬ್ಬರೇ ನಿಂತರು. ಆಗ ಸಿದ್ದಲಿಂಗಪ್ಪ ಚೀಲವನ್ನು ನೋಡಿದ. ಬಾಯಿ ಬಿಚ್ಚಿದ್ದ ಚೀಲದಲ್ಲಿ ಎರಡು ಸೀರೆ, ಹೊದಿಕೆ, ಅಪ್ಪನ ಹಿತ್ತಾಳೆ ತಂಬಿಗೆ.

"ಎರಡೂವರಿಗೆ ಇಂಡಿ ಗಾಡಿ ಅದ," ಎಂದಳು ಪಾರವ್ವ. "ಸಹಿ ಮಾಡಿ ಹಂಗ ಸ್ವಾರಗೇಟ ಬಸ್‌ಸ್ಟ್ಯಾಂಡಿಗೆ ಹೋಗ್ಬೇಕಂತ ಮಾಡಿದ್ದೆ. ಮನಿಗೆ ಬಂದು ಮತ್ತ ಎಲ್ಲಾರ ಮುಂದ ಹೋಗೂದು ಬ್ಯಾಡ ಅನಿಸಿತು."

ಸಿದ್ದಲಿಂಗಪ್ಪನಿಗೆ ಅಳು ಬಂತು. ಬೀದಿಯಲ್ಲಿ, ತನ್ನ ಶೆಡ್ಡಿನವರೆಲ್ಲ ನೋಡುತ್ತಿರುವಾಗ, ಅವನು ಮುಖ ಮುಚ್ಚಿಕೊಳ್ಳದೆ ಅತ್ತ. ಆಮೇಲೆ ಚೀಲವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಸದಾಶಿವ ಪೇಠದ ಕಡೆ ಬಿರಬಿರನೆ ನಡೆದ. ಹತ್ತು ಹೆಜ್ಜೆ ಹೋದಮೇಲೆ ಹಿಂದೆ ಅಕ್ಕನ ಹೆಜ್ಜೆ ಕೇಳದೆ ತಿರುಗಿದ. ಅವಳು ಗೇಟಿನ ಬಳಿಯೇ ನಿಂತಿದ್ದಳು.

"ಬಾ ಅಕ್ಕಾ."

"ಕೇಳಿದ್ಯೇನು ನನ್ನ?" ಎಂದಳು ಪಾರವ್ವ.

ಸಿದ್ದಲಿಂಗಪ್ಪ ತಿರುಗಿ ಬಂದ. ಚೀಲವನ್ನು ಹೆಗಲಿನಿಂದ ಇಳಿಸಿ ಅವಳ ಕಾಲಿನ ಬಳಿ ಇದ್ದ ಜಾಗದಲ್ಲೇ ಇಟ್ಟ. ನೆಟ್ಟಗೆ ನಿಂತುಕೊಂಡು ಕೇಳಿದ.

"ಅಕ್ಕಾ, ಎಲ್ಲಿಗೆ ಹೋಗ್ತಿ? ನಿನಗ ಏನು ಬೇಕು?"

"ನಿಂದ್ರು. ಇಚಾರ ಮಾಡ್ತೀನಿ."

ಅವನು ನಿಂತ. ರಿಕ್ಷಾಗಳು ಹಾರ್ನು ಹೊಡೆದು ಬಯ್ದುಕೊಂಡು ಪಕ್ಕದಿಂದ ಹೋದವು. ಶೆಡ್ಡಿನಿಂದ ಯಾರೋ ಗಿರಾಕಿ ಬಂದಿದ್ದಾರೆಂದು ಕೂಗಿದರು, ಅವನು ಕೈಯಾಡಿಸಿ ಇಲ್ಲವೆಂದ. ಅವಳು ಅವಸರ ಮಾಡಲಿಲ್ಲ. ರಸ್ತೆಯ ಆ ತುದಿ ನೋಡಿದಳು, ಈ ತುದಿ ನೋಡಿದಳು. ಅವಳು ಇಂಡಿಗೆ ಎಂದರೆ ಏನು ಮಾಡುವುದೆಂದು ಅವನಿಗೆ ತಿಳಿದಿರಲಿಲ್ಲ, ಆದರೂ ಬಾಯಿ ಬಿಡಲಿಲ್ಲ.

ಕೊನೆಗೆ ಪಾರವ್ವ ಬಗ್ಗಿ ಚೀಲವನ್ನು ತಾನೇ ಎತ್ತಿಕೊಂಡಳು.

"ಮನ್ಯಾಗ ಹಿಟ್ಟು ಮುಗದದ," ಎಂದಳು. "ಹಾದ್ಯಾಗ ಜ್ವಾಳ ತಗೊಂಡು ಹೋಗೂಣು. ಆ ಹುಡುಗ್ರ ರೂಮಿಗೆ ನೀನ ಹೋಗಿ ಹೇಳು, ನಾಳಿಂದ ಡಬ್ಬಿ ಅದ ಅಂತ."